ಲಿಮಿಟ್ಟು ಮತ್ತು ಪಕ್ಕದ ಮನೆಯ ಫೋನು

ಇದನ್ನು ಬರೆಯಬೇಕೆಂದು ಎಷ್ಟೋ ಸಲ ಕುಳಿತು ಎದ್ದಿದ್ದೇನೆ. ಒಮ್ಮೆ ಕನ್ನಡಕದ ನೆಪ, ಒಮ್ಮೆ ಮೊಣಕಾಲು ನೋವಿನ ನೆಪ. ಕೆಲಸ ಬಿಟ್ಟ ಮೇಲೆ ನನಗೆ ಹೊತ್ತು ಬೇಕಾದಷ್ಟಿತ್ತು, ಇಲ್ಲದ್ದು ಧೈರ್ಯ. ಈಗ ಬರೆಯಲು ಕಾರಣ ನಮ್ಮ ಮೇಲಿನ ಮನೆಯ ಹುಡುಗಿ. ಹೋದ ತಿಂಗಳು ಪೇಡೆ ತಂದುಕೊಟ್ಟು, "ಕಾಕಾ, ಬ್ಯಾಂಕಿನ ಕಾರ್ಡ್ ವಿಭಾಗದಾಗ ಕೆಲಸ ಸಿಕ್ತು ನೋಡ್ರಿ. ನೀವೂ ಅದೇ ಕೆಲಸ ಮಾಡಿದವರಂತಲ್ಲ, ಹ್ಯಾಂಗಿರ್ತದ?" ಎಂದು ಕೇಳಿದಳು.

"ಛಲೋ ಇರ್ತದವ್ವ," ಅಂದೆ. ಬಾಯಲ್ಲಿ ಪೇಡೆ ಇತ್ತು. ಆಕೆ ಮೆಟ್ಟಿಲು ಹತ್ತಿ ಹೋದ ಮೇಲೆ, ಈ ಮಗುವಿಗೂ ಸುಳ್ಳು ಹೇಳಿದೆನಲ್ಲ ಅನ್ನಿಸಿತು. ಹಾಗಾಗಿ ಇದು ಆಕೆಗೆ, ಮತ್ತು ಆಕೆಯ ಹಾಗೆ ಈ ಕೆಲಸಕ್ಕೆ ಸೇರುವವರಿಗೆ.

ನಾನು ಓದಿದ್ದು ಮೆಟ್ರಿಕ್ಕಿನವರೆಗೆ. ಬೀದರ ಜಿಲ್ಲೆಯಿಂದ ಹೈದರಾಬಾದಿಗೆ ಬಂದು ದಿಲ್‌ಸುಖ್‌ನಗರದ ಒಂದು ಬಟ್ಟೆ ಅಂಗಡಿಯಲ್ಲಿ ಸೀರೆ ಬಿಚ್ಚಿ ತೋರಿಸುವ ಕೆಲಸಕ್ಕೆ ನಿಂತೆ. ಕೊಳ್ಳಲು ಮನಸ್ಸಿಲ್ಲದವರ ಮುಂದೆಯೂ ಹತ್ತನೆಯ ಸೀರೆಯನ್ನು ನಗುತ್ತಾ ಬಿಚ್ಚುವುದು ಅಲ್ಲಿ ಕಲಿತ ವಿದ್ಯೆ. ಮುಂದೆ ಊರಿಗೆ ಸಾಫ್ಟ್‌ವೇರ್ ಬಂತು. ಅಮೀರ್‌ಪೇಟೆಯ ಗೋಡೆಗಳ ಮೇಲೆ ಸಿನಿಮಾ ಪೋಸ್ಟರಿಗೆ ಜಾಗವಿಲ್ಲದಷ್ಟು ಕೋರ್ಸುಗಳ ಹೆಸರು ಅಂಟಿದವು. ನಿನ್ನೆವರೆಗೆ ಹಾಸ್ಟೆಲಿನ ಸಾರು ಬೈಯುತ್ತಿದ್ದ ಹುಡುಗರು ಇಂದು ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡು ಮಾಧಾಪುರದ ಬಸ್ಸು ಹತ್ತಿದರು. ಅವರಿಗೆ ಕ್ರೆಡಿಟ್ ಕಾರ್ಡು ಮಾರಲು ಜನ ಬೇಕಾಗಿತ್ತು. ನಾಂಪಲ್ಲಿಯ ಒಂದು ಏಜೆನ್ಸಿ ನನ್ನನ್ನು ತೆಗೆದುಕೊಂಡಿತು.

ಜೊತೆಯವರೆಲ್ಲ ಟೈ ಕಟ್ಟಿದ ಎಳೆಯರು. ನನ್ನ ತಲೆ ಆಗಲೇ ನರೆತಿತ್ತು. ಅದೇ ನನ್ನ ಬಂಡವಾಳವಾಯಿತು. ಕಂಪನಿಗಳ ಕ್ಯಾಂಟೀನಿನ ಬಾಗಿಲಲ್ಲಿ ಮೇಜು ಹಾಕಿಕೊಂಡು ಕುಳಿತರೆ ಟೈ ಕಟ್ಟಿದವರನ್ನು ದಾಟಿ ಜನ ನನ್ನ ಹತ್ತಿರ ಬರುತ್ತಿದ್ದರು. ಕನ್ನಡದವರು ಸಿಕ್ಕರಂತೂ ಹೇಳುವುದೇ ಬೇಡ. "ಯಾವ ಊರವ್ವ? ಊಟ ಆಯ್ತೇನಪ?" ಅಷ್ಟು ಸಾಕು. ವಾರಗಟ್ಟಲೆ ತೆಲುಗು, ಹಿಂದಿ, ಇಂಗ್ಲಿಷಿನಲ್ಲಿ ಬಾಯಿ ಸವೆಸಿದವರಿಗೆ ಮನೆಯ ಮಾತು ಕಿವಿಗೆ ಬಿದ್ದರೆ ಕೈ ತಾನಾಗಿ ಪೆನ್ನಿಗೆ ಹೋಗುತ್ತಿತ್ತು. ನಮ್ಮ ತಂಡದ ಮೇಲಧಿಕಾರಿ ಶ್ರೀಧರ, ನನಗಿಂತ ಇಪ್ಪತ್ತು ವರ್ಷ ಚಿಕ್ಕವನು, ಇದನ್ನು ಬೇಗ ಕಂಡುಕೊಂಡ. ಕನ್ನಡದ ಹೆಸರಿನ ಅರ್ಜಿ ಕಂಡರೆ, "ಅಂಕುಲ್, ಇದಿ ಮೀದೇ," ಎಂದು ನನ್ನ ಕಡೆ ತಳ್ಳುತ್ತಿದ್ದ. ಇದು ನಿಮ್ಮದೇ ಎಂದರ್ಥ. ನನಗೆ ಆಗ ಹೆಮ್ಮೆಯಾಗುತ್ತಿತ್ತು.

ಮೊದಲ ವರ್ಷದ ಒಂದು ತಪ್ಪು ಹೇಳುತ್ತೇನೆ. ಐವತ್ತು ದಿನ ಬಡ್ಡಿಯಿಲ್ಲ ಎಂದು ನಮಗೆ ಬಾಯಿಪಾಠ ಮಾಡಿಸಿದ್ದರು. ರಾಯಚೂರಿನ ಒಬ್ಬ ಹುಡುಗ, "ಎಟಿಎಂನಾಗ ರೊಕ್ಕ ತೆಗೆದ್ರೂ ಹಂಗೇ ಏನ್ರಿ?" ಎಂದು ಕೇಳಿದ. ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನಲು ನಾಚಿಕೆಯಾಗಿ, "ಹೌದಪ್ಪ," ಅಂದುಬಿಟ್ಟೆ. ಅವನು ಕೋಣೆಯ ಅಡ್ವಾನ್ಸಿಗೆಂದು ತೆಗೆದ. ನಗದಿಗೆ ತೆಗೆದ ದಿನದಿಂದಲೇ ಬಡ್ಡಿ, ಮೇಲೆ ಶುಲ್ಕ ಬೇರೆ. ಬಿಲ್ಲು ಹಿಡಿದುಕೊಂಡು ಕ್ಯಾಂಟೀನಿಗೆ ಬಂದವನು ಜಗಳ ಮಾಡಲಿಲ್ಲ. "ಕಾಕಾ, ನಿಮಗೂ ಗೊತ್ತಿರಲಿಲ್ಲಲ್ಲ?" ಎಂದು ಕೇಳಿದ. ಹೌದೆಂದೆ. "ಹಂಗಂತ ಅವತ್ತೇ ಅಂದಿದ್ರ ನಿಮ್ಮ ಗಂಟೇನು ಹೋಗ್ತಿತ್ತು?" ಅಂದು ನಕ್ಕು ಹೋದ. ಹೊಸದಾಗಿ ಸೇರುವವರು ಅವನ ಮಾತು ನೆನಪಿಟ್ಟುಕೊಂಡರೆ ಸಾಕು.

ನಾವು ಮಾರುತ್ತಿದ್ದದ್ದು ಕಾರ್ಡಲ್ಲ, ಲಿಮಿಟ್ಟು. ಪಗಾರ ಹದಿನೈದು ಸಾವಿರವಿದ್ದವನಿಗೆ ಅರವತ್ತು ಸಾವಿರದ ಲಿಮಿಟ್ಟು ಬಂತೆಂದರೆ ಅವನ ನಡಿಗೆಯೇ ಬದಲಾಗುತ್ತಿತ್ತು. ಅದು ಬ್ಯಾಂಕಿನ ಹಣ, ತನಗೆ ಯಾರೋ ಇಟ್ಟ ಬೆಲೆಯಲ್ಲ ಎಂದು ಅವನಿಗೆ ನಾವು ಹೇಳುತ್ತಿರಲಿಲ್ಲ. ನನಗೂ ಯಾರೂ ಹೇಳಲಿಲ್ಲ. ನಾನೂ ಒಂದು ಕಾರ್ಡು ತೆಗೆದುಕೊಂಡು ಮನೆಗೆ ಬಣ್ಣದ ಟಿವಿ ತಂದೆ, ಹೆಂಡತಿಗೆ ಮಿಕ್ಸರು ತಂದೆ. ಬಿಲ್ಲಿನ ಮೇಲೆ ಕಟ್ಟಲೇಬೇಕಾದ ಕನಿಷ್ಠ ಮೊತ್ತ ಎಂದು ಒಂದು ಚಿಕ್ಕ ಸಂಖ್ಯೆ ಇರುತ್ತದೆ. ಅದನ್ನೇ ಕಟ್ಟುತ್ತಾ ಹೋದೆ. ಕಟ್ಟಿದ್ದು ಬಹುಪಾಲು ಬಡ್ಡಿಗೆ ಹೋಗುತ್ತಿತ್ತು. ಟಿವಿಯ ಚಿತ್ರ ಮಸುಕಾದರೂ ಸಾಲ ಹೊಸದಾಗಿಯೇ ಇತ್ತು.

ಸರಿಯಾಗಿ ಬದುಕಿದವರನ್ನೂ ಕಂಡಿದ್ದೇನೆ. ದಿಲ್‌ಸುಖ್‌ನಗರದಲ್ಲಿ ಬಾಗಲಕೋಟೆಯ ಗಂಡ ಹೆಂಡತಿ ಇದ್ದರು. ಗಂಡ ಒಂದು ಕಾಲೇಜಿನಲ್ಲಿ ಗುಮಾಸ್ತ. ಕಾರ್ಡು ಮನೆಗೆ ಬಂದ ದಿನವೇ ಹೆಂಡತಿ ಅದನ್ನು ಉಪ್ಪಿನಕಾಯಿ ಭರಣಿಯ ಕೆಳಗೆ ಇಟ್ಟುಬಿಟ್ಟಳು. ಬೇಕಾದರೆ ಆಕೆಯನ್ನು ಕೇಳಬೇಕು, ಯಾತಕ್ಕೆ ಎಂದು ಹೇಳಬೇಕು. ಆ ತಿಂಗಳ ಪಗಾರದಲ್ಲಿ ಪೂರ್ತಿ ತೀರಿಸಲು ಆಗದ್ದನ್ನು ಅದರಲ್ಲಿ ಕೊಳ್ಳುವಂತಿಲ್ಲ. "ಈಕಿ ಬ್ಯಾಂಕಿನ ಮ್ಯಾನೇಜರಗಿಂತ ಬಿಗಿ ಅದಾಳ್ರಿ," ಎಂದು ಗಂಡ ದೂರಿದರೆ, ಆಕೆ ಒಳಗಿನಿಂದ, "ಮ್ಯಾನೇಜರ್ ನಿಮಗ ರೊಟ್ಟಿ ಮಾಡಿ ಹಾಕ್ತಾನೇನ್ರಿ?" ಅನ್ನುತ್ತಿದ್ದಳು. ಆ ಮನೆಗೆ ಚಹಾ ಕುಡಿಯಲು ಹೋದೆನೇ ಹೊರತು ವಸೂಲಿಗೆ ಹೋಗುವ ಪ್ರಸಂಗ ಬರಲಿಲ್ಲ.

ಈಗ ಇಷ್ಟು ವರ್ಷ ನಾನು ಬರೆಯಲಾರದೆ ಉಳಿದ ಇನ್ನೊಬ್ಬ ಹುಡುಗಿಯ ವಿಷಯ. ಹೆಸರು ಬರೆಯಲು ಕೈ ಇನ್ನೂ ಏಳುತ್ತಿಲ್ಲ, ಸ್ವಲ್ಪ ತಡೆಯಿರಿ.

ಹುಮನಾಬಾದಿನ ಕಡೆಯವಳು. ತಂದೆ ಗುರಪ್ಪ ಟೇಲರ್. ಅಮೀರ್‌ಪೇಟೆಯ ಹಾಸ್ಟೆಲಿನಲ್ಲಿದ್ದು ಕೋರ್ಸು ಮುಗಿಸಿ ಮಾಧಾಪುರದ ಒಂದು ಚಿಕ್ಕ ಕಂಪನಿಯಲ್ಲಿ ಕೆಲಸಕ್ಕೆ ಸೇರಿದ್ದಳು. ಅಪ್ಪನೇ ಹೊಲಿದ ಚೂಡಿದಾರ ಹಾಕಿಕೊಂಡು ಬರುತ್ತಿದ್ದಳು. ಅದರ ತೋಳು ಎಂದೂ ಸುಕ್ಕಾಗಿದ್ದು ನಾನು ಕಾಣೆ. ಆಕೆಗೆ ಕಾರ್ಡು ಮಾಡಿಸಿದವನು ನಾನೇ. ಅರ್ಜಿಯಲ್ಲಿ ಒಂದು ಖಾನೆ ಇರುತ್ತಿತ್ತು: ಜೊತೆಯಲ್ಲಿ ವಾಸವಿಲ್ಲದ, ಪರಿಚಯದ ಒಬ್ಬರ ಹೆಸರು ಮತ್ತು ಸ್ಥಿರ ದೂರವಾಣಿ.

"ನಮ್ಮ ಮನ್ಯಾಗ ಫೋನ್ ಇಲ್ರಿ ಕಾಕಾ. ಪಕ್ಕದ ಮನಿ ಗೌರಮ್ಮಾಯಿದು ಅದ, ಪಿ.ಪಿ. ನಂಬರ್. ನಡೀತದೇನ್ರಿ?"

"ನಡೀತದ ಬರೀ," ಅಂದೆ.

ಇಂದಿನವರಿಗೆ ಪಿ.ಪಿ. ನಂಬರ್ ಗೊತ್ತಿರಲಿಕ್ಕಿಲ್ಲ. ಮನೆಯಲ್ಲಿ ಫೋನಿಲ್ಲದವರು ಪಕ್ಕದ ಮನೆಯ ನಂಬರು ಕೊಟ್ಟು ಮುಂದೆ ಪಿ.ಪಿ. ಎಂದು ಬರೆಯುತ್ತಿದ್ದರು. ಫೋನು ಮಾಡಿದವನು ಇಂಥವರನ್ನು ಕರೆಯಿರಿ ಎಂದು ಹೇಳಿ ಇಡಬೇಕು. ಫೋನಿನ ಮನೆಯವರು ಗೋಡೆಯ ಮೇಲಿಂದ ಓಣಿಗೆ ಕೇಳುವ ಹಾಗೆ ಹೆಸರು ಕೂಗಬೇಕು. ಆಮೇಲೆ ಮತ್ತೆ ಫೋನು ಮಾಡುವುದು. ಬಂದವರು ಪಡಸಾಲೆಯಲ್ಲಿ, ಆ ಮನೆಯವರೆಲ್ಲರ ಮುಂದೆ ನಿಂತು ಮಾತಾಡಬೇಕು. ನಮ್ಮವ್ವನನ್ನೂ ಹಾಗೆಯೇ ಕರೆಸಿ ಮಾತಾಡಿದವನು ನಾನು. ಆ ಫೋನಿನಲ್ಲಿ ಯಾವುದೂ ಗುಟ್ಟಾಗಿ ಉಳಿಯದು ಎಂದು ನನಗಿಂತ ಚೆನ್ನಾಗಿ ಆ ಏಜೆನ್ಸಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಆಕೆ ಜಾಣೆ. ಪ್ರತಿ ತಿಂಗಳು ಪೂರ್ತಿ ಕಟ್ಟುತ್ತಿದ್ದಳು. ಸಂಬಳ ಸ್ವಲ್ಪ ಏರಿದಾಗ ಬ್ಯಾಂಕು ಆಕೆಯ ಲಿಮಿಟ್ಟು ದುಪ್ಪಟ್ಟು ಮಾಡುತ್ತೇವೆಂದು ಕಾಗದ ಕಳಿಸಿತು. ಅದನ್ನು ಹಿಡಿದುಕೊಂಡು ನನ್ನ ಮೇಜಿಗೆ ಬಂದಳು.

"ಕಾಕಾ, ಇಷ್ಟು ಬ್ಯಾಡ್ರಿ ನನಗ. ನನ್ನ ಪಗಾರದ ಅರ್ಧದಷ್ಟು ಇದ್ರ ಸಾಕು. ಕಮ್ಮಿ ಮಾಡಿಸಿ ಕೊಡ್ರಿ."

ಕಮ್ಮಿ ಮಾಡಿಸಲು ಬರುತ್ತಿತ್ತು. ಒಂದು ಅರ್ಜಿಯ ಕೆಲಸ. ಆದರೆ ಏರಿಸಿದ ಪ್ರತಿ ಲಿಮಿಟ್ಟಿಗೂ ನನಗೆ ಅಷ್ಟಿಷ್ಟು ಸಿಗುತ್ತಿತ್ತು. "ಹುಚ್ಚಿ, ಬಂದದ್ದು ಯಾಕ ಬಿಡ್ತಿ? ಖರ್ಚು ಮಾಡು ಅಂತ ಯಾರಂದ್ರು? ಆಪತ್ತಿಗೆ ಇರ್ಲಿ," ಅಂದೆ. ಆಕೆ ಕಾಗದವನ್ನೂ ನನ್ನ ಮುಖವನ್ನೂ ನೋಡಿದಳು. "ನೀವು ಹೇಳ್ತೀರಂದ್ರ ಆಯ್ತ್ರಿ," ಎಂದು ಸಹಿ ಮಾಡಿದಳು. ಆ ಜನವರಿಯಲ್ಲಿ ಅಪ್ಪ ಅವ್ವನನ್ನು ಕರೆಸಿ ನಾಂಪಲ್ಲಿಯಲ್ಲಿ ವರ್ಷಕ್ಕೊಮ್ಮೆ ಸೇರುವ ದೊಡ್ಡ ವಸ್ತುಪ್ರದರ್ಶನ ತೋರಿಸಿದಳು. ಅಲ್ಲಿ ಅಪ್ಪನಿಗೊಂದು ಕಂಬಳಿ ಕೊಂಡದ್ದನ್ನು, ಅದನ್ನೂ ನಗದು ಕೊಟ್ಟೇ ಕೊಂಡದ್ದನ್ನು, ನನಗೆ ಬಂದು ಹೇಳಿದಳು.

ಮುಂದೆ ಕಂಪನಿಗಳು ಮುಗ್ಗರಿಸಿದ ಕಾಲ ಬಂತು. ಅಮೆರಿಕದಲ್ಲಿ ಏನೋ ಕುಸಿಯಿತು ಎಂದರು. ನಮ್ಮ ಕ್ಯಾಂಟೀನುಗಳಲ್ಲಿ ತಟ್ಟೆಗಳ ಸದ್ದು ಕಡಿಮೆಯಾಯಿತು. ಹೊಸ ಕಾರ್ಡು ಕೇಳುವವರಿಲ್ಲ. ಏಜೆನ್ಸಿ ನಮ್ಮನ್ನೆಲ್ಲ ಮೇಜಿನಿಂದ ಎಬ್ಬಿಸಿ ವಸೂಲಿಯ ಫೋನುಗಳ ಮುಂದೆ ಕೂರಿಸಿತು. ನಾವೇ ಮಾರಿದವರಿಗೆ ನಾವೇ ಫೋನು ಮಾಡಬೇಕಾಯಿತು.

ಅಲ್ಲಿ ರಜಿಯಾ ಮೇಡಂ ಎಂಬ ಹಿರಿಯರಿದ್ದರು. ಅವರು ಕೂಗಿ ಮಾತಾಡಿದ್ದು ನಾನು ಎಂದೂ ಕೇಳಿಲ್ಲ. "ಪೆಹಲೇ ಪೂಛೋ, ಖಾನಾ ಖಾಯೇ ಕ್ಯಾ," ಮೊದಲು ಊಟ ಆಯಿತೇ ಎಂದು ಕೇಳಿ, ಅನ್ನುತ್ತಿದ್ದರು. ಕಟ್ಟಲಾಗದವನಿಗೆ ಮೊದಲು ಕಾರ್ಡು ಬಳಸುವುದನ್ನು ನಿಲ್ಲಿಸಲು, ಬ್ಯಾಂಕಿಗೆ ತಾನಾಗಿ ಬರೆದು ಕಂತು ಮಾಡಿಸಿಕೊಳ್ಳಲು ಹೇಳುತ್ತಿದ್ದರು. ಅಡಗಿಕೊಂಡರೆ ಬಡ್ಡಿ ಬೆಳೆಯುತ್ತದೆ, ಮಾತಾಡಿದರೆ ದಾರಿ ಇರುತ್ತದೆ ಎಂಬುದು ಅವರ ಪಾಠ. ಶ್ರೀಧರನ ಪಾಠ ಬೇರೆ. ಫೋನು ಎತ್ತದಿದ್ದರೆ ಅರ್ಜಿಯಲ್ಲಿರುವ ಪರಿಚಯದವರಿಗೆ ಹಚ್ಚು. ಮಾನಕ್ಕಿಂತ ದೊಡ್ಡ ವಸೂಲಿಗಾರ ಇಲ್ಲ. ಈಗ ಹಾಗೆ ಮಾಡಬಾರದೆಂದು ನಿಯಮಗಳಿವೆ. ಅಂದು ನಮ್ಮನ್ನು ಕೇಳುವವರಿರಲಿಲ್ಲ. ನಾನು ರಜಿಯಾ ಮೇಡಂ ಪಕ್ಕದಲ್ಲಿ ಕುಳಿತು ಶ್ರೀಧರನ ಮಾತು ಕೇಳಿದವನು.

ಒಂದು ದಿನ ಆ ಹುಡುಗಿಯ ಹೆಸರು ನನ್ನ ಪಾಲಿಗೆ ಬಂತು. ಫೋನು ಮಾಡಿದೆ. ದನಿ ಗುರುತು ಹಿಡಿದು, "ಕಾಕಾ ಏನ್ರಿ?" ಅಂದಳು. ಮಾರನೆಯ ದಿನ ತಾನೇ ಆಫೀಸಿಗೆ ಬಂದಳು. ಕೆಲಸ ಹೋಗಿ ನಾಲ್ಕೈದು ತಿಂಗಳಾಗಿತ್ತು. ಮನೆಯಲ್ಲಿ ಹೇಳಿರಲಿಲ್ಲ. ಪ್ರತಿ ತಿಂಗಳು ಕಳಿಸುತ್ತಿದ್ದ ಹಣವನ್ನು ಕಾರ್ಡಿನಿಂದ ನಗದು ತೆಗೆದು ಕಳಿಸಿದ್ದಳು. ಆಪತ್ತಿಗೆ ಇರಲಿ ಎಂದು ನಾನು ಹೇಳಿದ್ದ ಲಿಮಿಟ್ಟು ತುಂಬಿಹೋಗಿತ್ತು.

"ಯಾಕವ್ವ ಹೇಳ್ಲಿಲ್ಲ ಮನಿಗೆ?"

"ಹೇಳಿದ್ರ ಅಪ್ಪ ಬಂದು ಕರಕೊಂಡು ಹೋಗ್ತಾನ್ರಿ. ಒಮ್ಮಿ ಹೋದ್ರ ಮತ್ತ ಕಳಸಂಗಿಲ್ಲ. ಒಂದ್ ಕಡೆ ಎರಡು ಇಂಟರ್‌ವ್ಯೂ ಮುಗದಾವ. ಸೋಮವಾರ ಕಡೇದು. ಅಲ್ಲೀತನಕ ಊರಿಗಿ ಮಾತ್ರ ಫೋನ್ ಮಾಡಬ್ಯಾಡ್ರಿ ಕಾಕಾ. ಆಮ್ಯಾಲ ನೀವು ಹೇಳಿದಂಗ ಕಟ್ತೀನಿ."

"ಇಲ್ಲವ್ವ. ಮಾಡಂಗಿಲ್ಲ," ಅಂದೆ. ಆಕೆಯ ಮುಖ ಸಡಿಲವಾಯಿತು. ರಜಿಯಾ ಮೇಡಂ ಚಹಾ ತರಿಸಿದರು. ಆಕೆ ಅದಕ್ಕೆ ಬಿಸ್ಕೀಟು ಅದ್ದಿ ತಿಂದ ಅವಸರ ನೋಡಿ, ಮುಂಜಾನೆಯಿಂದ ಏನೂ ತಿಂದಿಲ್ಲ ಎಂದು ಗೊತ್ತಾಯಿತು.

ಆ ವಾರವೇ ತಿಂಗಳ ಕೊನೆ. ಇನ್ನೆರಡು ಖಾತೆ ವಸೂಲಾದರೆ ನಮ್ಮ ತಂಡಕ್ಕೆ ಪ್ರೋತ್ಸಾಹ ಧನ. ಆಗದಿದ್ದರೆ ವಯಸ್ಸಾದವರನ್ನು ಮೊದಲು ಮನೆಗೆ ಕಳಿಸುತ್ತಾರೆ ಎಂಬ ಮಾತಿತ್ತು. ನನ್ನ ಸ್ವಂತ ಕಾರ್ಡಿನ ಬಿಲ್ಲೂ ಜೇಬಿನಲ್ಲಿತ್ತು. ಆ ಸಲ ಕನಿಷ್ಠ ಮೊತ್ತಕ್ಕೂ ಹಣ ಕೂಡಿರಲಿಲ್ಲ. ಗುರುವಾರ ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಹುಮನಾಬಾದಿನ ನಂಬರು ತಿರುಗಿಸಿದೆ.

"ಯಾರ್ರಿ?" ವಯಸ್ಸಾದ ಹೆಣ್ಣುದನಿ. ಗೌರಮ್ಮನೇ ಇರಬೇಕು.

"ಹೈದರಾಬಾದಿನಿಂದ್ರಿ. ಗುರಪ್ಪ ಟೇಲರನ್ನ ಕರೀರಿ."

"ಹೈದ್ರಾಬಾದಾ? ನಮ್ಮ ಹುಡುಗಿ ಆರಾಮ ಅದಾಳಿಲ್ರಿ?"

ನಮ್ಮ ಹುಡುಗಿ ಎಂದಳು. ಅಲ್ಲಿಗೇ ಫೋನು ಇಡಬಹುದಿತ್ತು. ಆಮೇಲೆ ಮಾಡುತ್ತೇನೆ ಎನ್ನಬಹುದಿತ್ತು. ನನ್ನ ಜಾಗದಲ್ಲಿ ಶ್ರೀಧರ ಇದ್ದಿದ್ದರೂ ಕಾರ್ಡಿನ ಬಾಕಿ ಎಂದಷ್ಟೇ ಹೇಳುತ್ತಿದ್ದ, ಅವನಿಗೆ ಮಿಕ್ಕದ್ದು ಗೊತ್ತಿರಲಿಲ್ಲ. ನಾನು ಹೇಳಿದೆ: "ಆರಾಮ ಅದಾಳ್ರಿ. ಕೆಲಸ ಹೋಗ್ಯದ, ಮನ್ಯಾಗ ಹೇಳಿಲ್ಲ. ಬ್ಯಾಂಕಿನ ಬಾಕಿ ನಿಂತದ."

ಆ ಕಡೆ ಫೋನು ಕೆಳಗಿಟ್ಟ ಸದ್ದು, ಗೋಡೆಯ ಮೇಲಿಂದ ಕೂಗುವ ದನಿ. "ಗುರಪ್ಪಾ, ಏ ಗುರಪ್ಪಾ!" ಆ ಕೂಗು ನನ್ನ ಕಿವಿಯಿಂದ ಇನ್ನೂ ಇಳಿದಿಲ್ಲ.

ಶನಿವಾರ ಗುರಪ್ಪ ಬಂದ. ಆ ವರ್ಷದ ಪ್ರದರ್ಶನಕ್ಕೆ ಬಂದ ಜನ ತುಂಬಿದ ರಸ್ತೆಯಲ್ಲಿ ದಾರಿ ಕೇಳುತ್ತಾ, ಮಗಳನ್ನು ಕರೆದುಕೊಂಡು ನಮ್ಮ ಆಫೀಸಿನ ಮೆಟ್ಟಿಲು ಹತ್ತಿದ. ಹೆಗಲ ಮೇಲೆ ಅದೇ ಕಂಬಳಿ. ಹೆಂಡತಿಯ ಕೈಯ ಬಂಗಾರದ ಪಾಟ್ಲಿ ಒತ್ತೆಯಿಟ್ಟು ತಂದ ಹಣವನ್ನು ಮೇಜಿನ ಮೇಲೆ ಇಟ್ಟು, ಎರಡೂ ಕೈ ಮುಗಿದ.

"ಸಾಹೇಬ್ರ, ನೀವು ನಮ್ಮ ಕಡೆಯವ್ರು ಇದ್ದದ್ದಕ್ಕ ಛಲೋ ಆಯ್ತ್ರಿ. ಇಲ್ಲಂದ್ರ ಈ ಕೂಸು ಒಂದೇ ಇಲ್ಲಿ ಒದ್ದಾಡ್ತಿತ್ತು, ನಮಗ ತಿಳೀತಿರಲಿಲ್ಲ. ನಿಮ್ಮ ಉಪಕಾರ ಭಾಳ ಆಯ್ತು."

"ಅಪ್ಪಾ, ಸೋಮವಾರ ಒಂದ್ ದಿನ..." ಎಂದಳು ಆಕೆ.

"ಸಾಕವ್ವ. ಓಣಿ ಮಂದಿಗಿ ಮಾರಿ ತೋರಸಲಾರದೆ ಬಂದೀನಿ. ನಡಿ ಇನ್ನ."

ನಾನು ಬಾಯಿ ಬಿಡಬೇಕಾದದ್ದು ಆಗ. ಗುರಪ್ಪ, ಎರಡು ದಿನ ತಡಿ, ತಪ್ಪು ನನ್ನದು, ಮಾತು ಕೊಟ್ಟು ಮುರಿದವನು ನಾನು ಎನ್ನಬೇಕಿತ್ತು. ನಾನು ಹಣ ಎಣಿಸುತ್ತಿದ್ದೆ. ಎಣಿಸಿದ್ದನ್ನೇ ಮತ್ತೆ ಎಣಿಸಿದೆ. ತಲೆ ಎತ್ತಿದಾಗ ಆಕೆ ನನ್ನನ್ನೇ ನೋಡುತ್ತಿದ್ದಳು. ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಇಷ್ಟು ವರ್ಷ ಹಗುರಾಗಿರುತ್ತಿದ್ದೆ.

"ಕಾಕಾ, ಕುಡಿಲಿಕ್ಕ ನೀರು ಎಲ್ಲಿ ಅದಾವ್ರಿ?" ಎಂದು ಕೇಳಿದಳು. "ಅಪ್ಪ ಮುಂಜಾನಿಂದ ನೀರು ಕುಡಿದಿಲ್ಲ."

ಕಾಕಾ ಎನ್ನುವುದನ್ನು ಆಗಲೂ ಬಿಡಲಿಲ್ಲ. ನಾನೇ ಎದ್ದು ನೀರು ತಂದುಕೊಟ್ಟೆ. ಅಷ್ಟೇ ನಾನು ಮಾಡಿದ್ದು. ರಜಿಯಾ ಮೇಡಂ ಎಲ್ಲ ನೋಡುತ್ತಿದ್ದರು. ಅಪ್ಪ ಮಗಳು ಹೋದ ಮೇಲೆ ತಮ್ಮ ಕುರ್ಚಿಯನ್ನು ನನ್ನ ಪಕ್ಕದಿಂದ ಎತ್ತಿ ಕಿಟಕಿಯ ಹತ್ತಿರ ಹಾಕಿಕೊಂಡರು.

ಸೋಮವಾರ ಸಂಜೆ ಮನಸ್ಸು ತಡೆಯದೆ ಅಮೀರ್‌ಪೇಟೆಯ ಆ ಹಾಸ್ಟೆಲಿಗೆ ಹೋದೆ. ಮುಂದಿನ ಕೋಣೆಯಲ್ಲಿ ಲೆಕ್ಕ ಬರೆಯುತ್ತಿದ್ದ ಹೆಂಗಸು, ಹುಡುಗಿ ಊರಿಗೆ ಹೋಯಿತು, ಯಾವುದೋ ಕಂಪನಿಯಿಂದ ಬೆಳಿಗ್ಗೆ ಎರಡು ಸಲ ಫೋನು ಬಂದಿತ್ತು, ಯಾಕೆ ಬರಲಿಲ್ಲ ಎಂದು ಕೇಳಿದರು, ಎಂದು ತೆಲುಗಿನಲ್ಲಿ ಹೇಳಿದಳು. ಆ ಕೆಲಸ ಆಕೆಗೆ ಸಿಗುತ್ತಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಆಕೆಗೂ ಗೊತ್ತಾಗದ ಹಾಗೆ ಮಾಡಿದೆ.

ಪ್ರೋತ್ಸಾಹ ಧನ ಬಂತು. ಅದನ್ನು ನನ್ನ ಕಾರ್ಡಿಗೆ ಕಟ್ಟಿದೆ. ಆ ದಿನವೇ ಕತ್ತರಿ ತೆಗೆದುಕೊಂಡು ಕಾರ್ಡನ್ನು ತುಂಡು ಮಾಡಿದೆ. ಉಳಿದ ಸಾಲ ತೀರಲು ವರ್ಷಗಳೇ ಹಿಡಿದವು. ಆಮೇಲೂ ಅದೇ ಏಜೆನ್ಸಿಯಲ್ಲಿ ಇದ್ದೆ, ಅದನ್ನು ಮುಚ್ಚಿಡುವುದಿಲ್ಲ. ಹೊಟ್ಟೆಪಾಡು. ಪರಿಚಯದವರ ನಂಬರಿಗೆ ಮಾತ್ರ ಮತ್ತೆ ಎಂದೂ ಫೋನು ಮಾಡಲಿಲ್ಲ. ಲಿಮಿಟ್ಟು ಕಮ್ಮಿ ಮಾಡಿಸಿ ಎಂದು ಯಾರಾದರೂ ಬಂದರೆ ಎದ್ದು ನಿಂತು ಮಾಡಿಸಿಕೊಡುತ್ತಿದ್ದೆ. ಶ್ರೀಧರ ನಗುತ್ತಿದ್ದ.

ಮೇಲಿನ ಮನೆಯ ಮಗಳೇ, ನೀನು ಕೇಳಿದ್ದಕ್ಕೆ ಉತ್ತರ ಇಷ್ಟು. ನಿನಗೂ ಅವರು ಒಂದು ಕಾರ್ಡು ಕೊಡುತ್ತಾರೆ. ಪಗಾರದಲ್ಲಿ ತೀರುವಷ್ಟೇ ಖರ್ಚು ಮಾಡು, ಬಿಲ್ಲು ಪೂರ್ತಿ ಕಟ್ಟು, ಅದರಿಂದ ನಗದು ತೆಗೆಯಬೇಡ. ನಿನ್ನ ಲಿಮಿಟ್ಟು ನೀನೇ ಗೊತ್ತು ಮಾಡಿಕೋ. ಯಾರಾದರೂ ತಮಗೆ ಇಷ್ಟು ಸಾಕು ಎಂದು ನಿನ್ನ ಮುಂದೆ ಬಂದು ಹೇಳಿದರೆ ಅವರನ್ನು ನಂಬು. ನಿನ್ನ ಕನ್ನಡ ಕೇಳಿ ಯಾರಾದರೂ ನಿನ್ನನ್ನು ಅಕ್ಕ ಎಂದರೆ ಆ ಮಾತನ್ನು ಕೆಲಸಕ್ಕೆ ಹಚ್ಚಬೇಡ.

ಊರ ಕಡೆ ಹೋದಾಗಲೆಲ್ಲ ಹುಮನಾಬಾದಿನಲ್ಲಿ ಬಸ್ಸು ನಿಲ್ಲುತ್ತದೆ. ಒಂದು ಸಲ ಇಳಿದೆ ಕೂಡ. ಚಹಾ ಕುಡಿದು, ಅದೇ ಬಸ್ಸು ಹತ್ತಿ ಮುಂದಕ್ಕೆ ಹೋದೆ. ಹೋದ ತಿಂಗಳು, ಪೇಡೆ ತಿಂದ ಮೇಲೆ, ಆ ಪಿ.ಪಿ. ನಂಬರಿಗೆ ಫೋನು ಮಾಡಿದೆ. ಅದು ಈಗ ಚಾಲ್ತಿಯಲ್ಲಿಲ್ಲ. ಗೋಡೆಯ ಮೇಲಿಂದ ಕೂಗುವ ಗೌರಮ್ಮನೂ ಇಲ್ಲವೇನೋ. ಹಾಗಾಗಿ ಇಲ್ಲಿಂದಲೇ ಕರೆಯುತ್ತಿದ್ದೇನೆ. ಅಂದು ನಾನು ಗುರಪ್ಪನನ್ನು ಕರೆಯಿರಿ ಎಂದಿದ್ದೆ. ಕರೆಯಬೇಕಾಗಿದ್ದದ್ದು ಅವನನ್ನಲ್ಲ. ಇದನ್ನು ಓದುವವರಲ್ಲಿ ಆ ಓಣಿಯವರು ಯಾರಾದರೂ ಇದ್ದರೆ, ಕಾಕಾ ತಪ್ಪಾಯಿತು ಅನ್ನಲಿಕ್ಕೆ ನಿಂತಾನ ಎಂದು ಹೇಳಿ, ಒಂಚೂರು ಕರೀರಿ.

ಜಗದೇವಿಯನ್ನು.